ಬಟ್ಟೆ ಅಂಗಡಿಯ ಮೆಟ್ಟಿಲು

ಇಪ್ಪತ್ತು ವರ್ಷ ಬೇರೆಯವರ ಹೋಟೆಲುಗಳಲ್ಲಿ ಒಲೆಯ ಮುಂದೆ ಬೆಂದವಳು ಕೊನೆಗೂ ಸ್ವಂತದ್ದೊಂದನ್ನು ತೆರೆಯಲು ಹೊರಟಾಗ, ಊರ ನಡುವಿನ ಆ ಸೊರಗಿದ ಪೇಟೆಬೀದಿಯನ್ನೇ ಹುಡುಕಿಕೊಂಡು ಹೋದದ್ದು ಎಲ್ಲರಿಗೂ ವಿಚಿತ್ರವಾಗಿ ಕಂಡಿತು. ಅಲ್ಲಿ ಅರ್ಧಕ್ಕರ್ಧ ಅಂಗಡಿಗಳ ಷಟರ್ ಇಳಿದಿತ್ತು. ಉಳಿದವರು ನೊಣ ಹೊಡೆಯುತ್ತ ಕೂತಿದ್ದರು. ಅವಳು ಹಿಡಿದದ್ದು ಹಳೆಯ ಬಟ್ಟೆ ಅಂಗಡಿಯೊಂದರ ನೆಲಮಹಡಿ. ಮೇಲಿನ ಮೂರು ಮಹಡಿಗಳಿಗೆ ಬೀಗ ಬಿದ್ದು ವರ್ಷಗಳೇ ಆಗಿದ್ದವು. ಕೇಳಿದವರಿಗೆಲ್ಲ ಜಾಗ ಚೆನ್ನಾಗಿದೆ ಎಂದಷ್ಟೇ ಹೇಳಿ ಬಾಯಿ ಮುಚ್ಚಿಸಿದಳು. ಅಮ್ಮ ಮಾತ್ರ ಒಮ್ಮೆ, "ಬೇರೆ ಜಾಗವೇ ಸಿಗಲಿಲ್ವಾ ನಿಂಗೆ?" ಎಂದವಳು ಮತ್ತೆ ಆ ಸುದ್ದಿ ಎತ್ತಲಿಲ್ಲ.

ಅವಳ ಅಕ್ಕ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅಲ್ಲಿನ ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದು ತೀರಿಕೊಂಡಳು. ಆಗ ಇವಳಿಗೆ ಹದಿಮೂರು.

ಬಟ್ಟೆ ಅಳೆಯುತ್ತಿದ್ದ ಉದ್ದನೆಯ ಮೇಜನ್ನು ಉಜ್ಜಿಸಿ, ಅಡುಗೆಮನೆಯ ಮುಂದೆ ತಟ್ಟೆ ಜೋಡಿಸಲು ಇಟ್ಟುಕೊಂಡಳು. ಅಂಚಿಗೆ ಹೊಡೆದಿದ್ದ ಹಿತ್ತಾಳೆಯ ಅಳತೆಪಟ್ಟಿಯನ್ನು ಕೀಳಿಸಲಿಲ್ಲ. ಒಲೆಗಳು ಬಂದವು, ಹೊಗೆ ಎಳೆಯುವ ಕೊಳವೆ ಬಂತು. ಮೇಲಕ್ಕೆ ಹೋಗುವ ಮರದ ಮೆಟ್ಟಿಲು ಊಟದ ಕೋಣೆಯ ಮೂಲೆಯಲ್ಲಿ ಹಾಗೇ ಉಳಿಯಿತು. ಕೆಲಸ ಶುರುವಾದ ಮೊದಲ ವಾರವೇ, ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ, ಅದರ ಮೇಲೆ ಯಾರೋ ಇಳಿದು ಬಂದ ಸದ್ದು ಕೇಳಿಸಿತು. ಕೊನೆಯ ಮೆಟ್ಟಿಲಲ್ಲಿ ನಿಂತು ಮತ್ತೆ ಹತ್ತಿ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯಿತು, ಮತ್ತೆ ಹತ್ತಿತು.

"ಹಳೇ ಮರ ಅಲ್ವಾ, ಬಿಸಿಲಿಗೆ ಹಿಗ್ಗುತ್ತೆ ಮೇಡಂ," ಎಂದ ಬಡಗಿ.

ಅವಳು ತಲೆಯಾಡಿಸಿದಳು. ಮರ ಹಿಗ್ಗಬಹುದು. ಆದರೆ ಹಿಮ್ಮಡಿ ಸವೆದ ಚಪ್ಪಲಿಯನ್ನು ಎಳೆದುಕೊಂಡು ನಡೆಯುವುದಿಲ್ಲ.

ತೆರೆದ ದಿನ ಮಧ್ಯಾಹ್ನ ಹನ್ನೆರಡೂ ಮೇಜು ತುಂಬಿದವು. ಪೇಟೆಯವರಿಗೆ ಹೊಸದೊಂದು ಬಾಗಿಲು ತೆರೆದದ್ದೇ ದೊಡ್ಡ ವಿಷಯ. ಎದುರಿನ ಗಡಿಯಾರದಂಗಡಿಯವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಸುಟ್ಟ ಕುಂಬಳಕಾಯಿಯ ತಟ್ಟೆಗಳು ಒಂದರ ಹಿಂದೊಂದು ಹೊರಗೆ ಹೋದವು. ಒಂದು ಗಂಟೆಗೆ ಸರಿಯಾಗಿ ಮೆಟ್ಟಿಲು ಸದ್ದು ಮಾಡಿತು. ಮಾತಿನ ಗದ್ದಲದಲ್ಲಿ ಯಾರೂ ತಲೆಯೆತ್ತಲಿಲ್ಲ. ಮೆಟ್ಟಿಲ ಪಕ್ಕದ ಮೇಜಿನಲ್ಲಿ ಒಬ್ಬಳೇ ಕೂತಿದ್ದ ಬಿಳಿಕೂದಲಿನ ಹೆಂಗಸಿನ ಕೈ ಮಾತ್ರ ಬಾಯಿಯ ಹತ್ತಿರ ನಿಂತುಬಿಟ್ಟಿತು.

ಅವಳು ಒಲೆ ಸಣ್ಣ ಮಾಡಿ ಹೊರಗೆ ಬಂದಳು.

"ಊಟ ಸರಿಯಿದೆಯಾ ಅಮ್ಮಾ?"

"ಊಟಕ್ಕೇನು, ಚೆನ್ನಾಗಿದೆ. ನಾನು ಮೇಲೆ ಗುಂಡಿ ಹೊಲೀತಿದ್ದೆ ಕಣಮ್ಮ, ಹದಿನೆಂಟು ವರ್ಷ." ಹೆಂಗಸು ದನಿ ತಗ್ಗಿಸಿದಳು. "ನಿಮ್ಮಕ್ಕನ ಪಕ್ಕದ ಮೆಷಿನ್ನು ನಂದೇ."

"ನಾನು ಯಾರು ಅಂತ..."

"ಮುಖ ನೋಡಿದ್ರೆ ಗೊತ್ತಾಗಲ್ವಾ."

ಅವಳು ಎದುರಿನ ಕುರ್ಚಿಯಲ್ಲಿ ಕೂತಳು. "ಅವತ್ತು ಏನಾಯ್ತು?"

"ಊಟ ಬರೋದು ತಡ ಆಯ್ತು. ಬಾರೇ, ಹಂಚ್ಕೊಂಡು ತಿನ್ನೋಣ ಅಂದೆ. ಕೇಳಲಿಲ್ಲ. ತಂಗಿ ಹಸಿದು ಬರ್ತಾಳೆ, ಅವಳ ಜೊತೇಲೇ ತಿಂತೀನಿ ಅಂದಳು. ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ. ಮೂರು ಸಲ ಕೆಳಗಿಳಿದು ಬಾಗಿಲ ತನಕ ನೋಡ್ಕೊಂಡು ಬಂದಳು. ನಾಲ್ಕನೇ ಸಲ..." ಹೆಂಗಸು ತಟ್ಟೆಯನ್ನು ಪೂರ್ತಿ ಖಾಲಿ ಮಾಡಿ, ಇವಳ ಕೈ ಒತ್ತಿ ಎದ್ದು ಹೋದಳು.

ದಿನವೂ ಸ್ಕೂಲಿನ ಬಿಡುವಿನಲ್ಲಿ ಮನೆಗೆ ಓಡಿ, ಅಕ್ಕನ ಡಬ್ಬಿ ತಂದು ಕೊಡುವುದು ಅವಳ ಕೆಲಸವಾಗಿತ್ತು. ಅವತ್ತು ದಾರಿಯಲ್ಲಿ ಗೆಳತಿಯ ಮನೆಯ ಬೆಕ್ಕು ಮರಿ ಹಾಕಿತ್ತು. ಐದು ಮರಿ, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ನೋಡುತ್ತ ಕೂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅದನ್ನು ಅವಳು ಮೂವತ್ತು ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಮಧ್ಯಾಹ್ನದ ಊಟ ಮುಗಿದು ಸಂಜೆಯದು ಶುರುವಾಗುವ ಮುಂಚೆ, ಅಡುಗೆಯ ಬಿಳಿಯ ಕೋಟಿನಲ್ಲೇ ಅಮ್ಮನ ಮನೆಗೆ ಹೋದಳು. ಅಮ್ಮ ಕಿಟಕಿಯ ಹತ್ತಿರ ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಅಮ್ಮಾ, ಅವತ್ತು ಅಕ್ಕನಿಗೆ ನಾನು ಊಟ ಕೊಡಲೇ ಇಲ್ಲ."

ಅಮ್ಮ ಮಡಿಸುತ್ತಿದ್ದ ದಿಂಬಿನ ಗವಸನ್ನು ಪೂರ್ತಿ ಮಡಿಸಿ ಕೆಳಗಿಟ್ಟಳು.

"ಗೊತ್ತು. ಡಬ್ಬಿ ತುಂಬಿದ್ದು ತುಂಬಿದ ಹಾಗೇ ನಿನ್ನ ಚೀಲದಲ್ಲಿತ್ತು. ಮೂರು ದಿನ ಆದ್ಮೇಲೆ ವಾಸನೆ ಬಂದು ನೋಡ್ದೆ. ತೊಳೆದವಳು ನಾನಲ್ವಾ?"

"ಮತ್ತೆ ಒಂದು ಮಾತೂ ಕೇಳಲಿಲ್ವಲ್ಲಮ್ಮ."

"ಕೇಳಿದ್ರೆ ನೀನು ಉಳೀತಿದ್ಯಾ? ಆಗಲೇ ನೀನು ಅನ್ನ ಬಿಟ್ಟು ಮಲಗಿದ್ದೆ. ಇನ್ನೊಬ್ಬಳನ್ನೂ ಕಳ್ಕೊಳ್ಳೋ ಶಕ್ತಿ ನನಗಿರಲಿಲ್ಲ ಪುಟ್ಟಿ."

ಅವಳು ಅಮ್ಮನ ಕಾಲ ಹತ್ತಿರ ಕೂತು ಬಿಕ್ಕಿಬಿಕ್ಕಿ ಅತ್ತಳು. ಅಮ್ಮ ಅಳಲಿಲ್ಲ, ಅವಳ ಕೋಟಿನ ತೋಳಿಗೆ ಮೆತ್ತಿದ್ದ ಎಣ್ಣೆಯ ಕಲೆಯನ್ನು ಉಗುರಿನಿಂದ ಕೆರೆಯುತ್ತ ಕೂತಳು.

ಮಾರನೆಯ ದಿನ ಅಮ್ಮ ತಾನಾಗಿಯೇ ಬಂದಳು. ಮೆಟ್ಟಿಲ ಪಕ್ಕದ ಮೇಜೇ ಬೇಕೆಂದಳು. ಸೂಪಿಗೆ ಉಪ್ಪು ಕಡಿಮೆ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದಳು. ಒಂದು ಗಂಟೆಗೆ ಹೆಜ್ಜೆಗಳು ಇಳಿಯತೊಡಗಿದಾಗ, ಅಡುಗೆಮನೆಯಿಂದ ಅವಳು ಇಣುಕಿ ನೋಡಿದಳು. ಅಮ್ಮ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ತನ್ನ ಕೈಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ಹೆಜ್ಜೆಗಳು ಕೊನೆಯ ಮೆಟ್ಟಿಲಿಗೆ ಬಂದು ನಿಂತವು. ಮತ್ತೆ ಹತ್ತಿ ಹೋದದ್ದು ಆ ದಿನ ಅವಳಿಗೆ ಕೇಳಿಸಲಿಲ್ಲ.