ಒತ್ತಿದರೂ ಬಗ್ಗದ ನರ

ಕಿರಂಗೂರಿನ ಹೊನ್ನಪ್ಪ ಡಾಕ್ಟರಲ್ಲ. ಶ್ರೀರಂಗಪಟ್ಟಣದ ಯಾವುದೋ ನರ್ಸಿಂಗ್ ಹೋಮಿನಲ್ಲಿ ನಾಲ್ಕು ವರ್ಷ ಕಾಂಪೌಂಡರಾಗಿದ್ದವನು, ಅಷ್ಟೆ. ಆದರೆ ಗ್ಲೂಕೋಸ್ ಬಾಟ್ಲಿ ಏರಿಸುವವನನ್ನು ಊರು ಇನ್ನೇನೆಂದು ಕರೆದೀತು? 'ಡಾಕ್ಟ್ರೇ' ಅನ್ನುತ್ತಿತ್ತು, ಇವನೂ ನಾಚಿಕೆಯಿಲ್ಲದೆ ಓಗೊಡುತ್ತಿದ್ದ.

ಅವನ ಬಾಟ್ಲಿಗಳ ಮಹಾರಾಣಿ ಸಿದ್ದಲಿಂಗಮ್ಮ. ಸೊಸೆ ಎದುರು ಮಾತಾಡಿದರೆ ಸುಸ್ತು, ಮಗಳು ಕಾಗದ ಬರೆಯದಿದ್ದರೆ ಸುಸ್ತು. ಸುಸ್ತಾದ ಕೂಡಲೇ ಪಡಸಾಲೆಯ ಗೂಟಕ್ಕೆ ಬಾಟ್ಲಿ ನೇತಾಡಬೇಕು, ನೆಂಟರಿಷ್ಟರು ಮೂಸಂಬಿ ಹಿಡಿದು ಬಂದು ಸುತ್ತ ಕೂತು ಲೊಚಗುಟ್ಟಬೇಕು. ಆರು ವರ್ಷ ಅದೇ ಬಲಗೈಗೆ ಚುಚ್ಚಿ ಚುಚ್ಚಿ, ತೊಂಬತ್ತೇಳರ ಶ್ರಾವಣದಲ್ಲಿ ಆ ಕೈ ತೋಳಿನವರೆಗೂ ಊದಿಕೊಂಡಿತು. ಹೊನ್ನಪ್ಪನ ಜೀವ ಬಾಯಿಗೆ ಬಂತು. ಬೇರೆಯವರಿಗೆ ತೋರಿಸಿದರೆ ತನ್ನ ಬಣ್ಣ ಬಯಲಾಗುತ್ತದೆ, ತೋರಿಸದಿದ್ದರೆ ಮುದುಕಿ ಉಳಿಯುವುದಿಲ್ಲ. ಕೊನೆಗೆ ತಾನೇ ಆಟೋ ಹತ್ತಿಸಿ ಪಟ್ಟಣದ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದ.

ಅಲ್ಲಿನ ಡಾಕ್ಟರಮ್ಮ ಊದಿದ ತೋಳಿಗೆ ತಣ್ಣನೆಯ ಜೆಲ್ಲು ಬಳಿದು, ಯಂತ್ರದ ತುದಿಯನ್ನು ಒತ್ತಿದರು. ಪರದೆಯ ಮೇಲೆ ನರ ದುಂಡಗೆ ಕಂಡಿತು. ಎಷ್ಟು ಒತ್ತಿದರೂ ಹಾಗೇ ಇತ್ತು. ಎಡಗೈಯ ಮೇಲೆ ಒತ್ತಿದಾಗ ಮಾತ್ರ ನರ ಚಪ್ಪಟೆಯಾಗಿ ಮಾಯವಾಯಿತು.

ಸಿದ್ದಲಿಂಗಮ್ಮನ ಮುಖ ಅರಳಿತು. "ನೋಡ್ದಾ ಡಾಕ್ಟ್ರಪ್ಪ, ನೀ ಬಾಟ್ಲಿ ಆಕಿದ್ ಕೈ ಎಂಗ್ ಗಟ್ಟಿಯಾಗೈತೆ! ಎಡಗೈ ಪಾಪ, ನಿತ್ರಾಣ ಆಗೋಗೈತೆ. ನಾಳಿಂದ ಇದುಕ್ಕಾಕು."

"ಅಯ್ಯೋ, ಒತ್ತಿದರೆ ಬಗ್ಗೋದೇ ಒಳ್ಳೆ ನರ ಅಮ್ಮ!" ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಬಲಗೈಲಿ ರಕ್ತ ಹೆಪ್ಪುಗಟ್ಟಿದೆ. ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಇವತ್ತೇ ಮೈಸೂರಲ್ಲಿ ಅಡ್ಮಿಟ್ ಆಗಿ."

"ಅವ್ರೇನಾರ ಅನ್ಲಿ ಬುಡು. ನೀನೇಳು ಡಾಕ್ಟ್ರಪ್ಪ."

ಅವಳ ಮಾತಿಗೆ ಹೂಂ ಅಂದರೆ ಗಿರಾಕಿ ಉಳಿಯುತ್ತಾಳೆ, ಎಷ್ಟು ದಿನವೋ ಏನೋ. ಹೊನ್ನಪ್ಪನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಡಾಕ್ಟ್ರಮ್ಮ ಏಳೋದೇ ನಿಜ ಕಣವ್ವ. ನಾನೇ ಚುಚ್ಚಿ ಚುಚ್ಚಿ ಆಳ್ಮಾಡ್ಬುಟ್ಟೆ. ಬಾಟ್ಲೀಲಿರೋದು ಬರೀ ಸಕ್ರೆ ನೀರು. ನಿನ್ ದಮ್ಮಯ್ಯ, ಮೈಸೂರ್ಗೆ ನಡಿ."

ಸಿದ್ದಲಿಂಗಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಥೂ! ನೀನೂ ಒಬ್ಬ ಡಾಕ್ಟ್ರೇನ್ಲಾ?"

ಮೈಸೂರಿಗೆ ಹೋಗಲಿಲ್ಲ. ಸಂಜೆಗೆಲ್ಲ ಚಿನಕುರಳಿಯಿಂದ ಕರೆಸಿದ ಹೊಸ ಬಾಟ್ಲಿಯವನು ಪಡಸಾಲೆಯಲ್ಲಿ ಕೂತು ಅವಳ ಎಡಗೈಯಲ್ಲಿ ನರ ಹುಡುಕುತ್ತಿದ್ದ. ಹೊನ್ನಪ್ಪ ಹೊಸಿಲ ಬಳಿ ನಿಂತು, ಬೇಡ ಕಣವ್ವ, ಸತ್ತೋಗ್ತೀಯ ಎಂದು ಗೋಗರೆದ.

"ಆ ನಕಲಿ ಡಾಕ್ಟ್ರುನ್ನ ಒಳಿಕ್ ಬುಡ್ಬ್ಯಾಡಿ ಕಣ್ರಪ್ಪೋ!" ಒಳಗಿಂದ ಸಿದ್ದಲಿಂಗಮ್ಮ ಕೂಗಿದಳು. ನೆಂಟರು ಎದ್ದು ಬಂದು ಕದ ಹಾಕಿದರು.