ಚೈತಾಲಿಗೆ ತೆಗೆದ ಬಟ್ಟೆಗಳು

ಮಣಿಪಾಲದಲ್ಲಿ ಫೋಟೋಗ್ರಫಿ ಓದುವ ತನ್ವಿಗೆ ಬಾಯಿ ಸ್ವಲ್ಪ ಜಾಸ್ತಿ. ಈಗಿನ ಒಬ್ಬ ಫೋಟೋಗ್ರಾಫರರ ಬದುಕು, ಕೆಲಸ ಎರಡನ್ನೂ ನೋಡಿ ಲೇಖನ ಬರೆಯಿರಿ, ಉತ್ತರವಾಗಿ ನೀವೂ ಒಂದು ಫೋಟೋ ತೆಗೆಯಿರಿ ಎಂದು ಸರ್ ಹೇಳಿದಾಗ ಉಳಿದವರೆಲ್ಲ ಮುಂಬೈ, ದಿಲ್ಲಿಯವರನ್ನು ಹಿಡಿದುಕೊಂಡರು. ಇವಳು ಕಾಪುವಿನ ತಾರಾನಾಥರನ್ನು ಆರಿಸಿದಳು. ಬಸ್ಸಿನಲ್ಲಿ ಹೋಗಿ ಬರಬಹುದಲ್ಲ ಎನ್ನುವುದೇ ಮುಖ್ಯ ಕಾರಣ, ಕಲೆ ಗಿಲೆ ಎಲ್ಲ ಆಮೇಲಿನ ಮಾತು.

ತಾರಾನಾಥರು ಒಂದು ಕಾಲದಲ್ಲಿ ಉಡುಪಿ, ಕಾರ್ಕಳದ ಮದುವೆ ಹಾಲ್‌ಗಳಲ್ಲಿ ಬೆವರು ಸುರಿಸಿ ಫೋಟೋ ತೆಗೆದವರು. ಒಬ್ಬಳೇ ಮಗಳು ಚೈತಾಲಿ ತೊಟ್ಟಿಲಲ್ಲೇ ತೀರಿಕೊಂಡ ಮೇಲೆ ಮನುಷ್ಯರ ಫೋಟೋ ಬಿಟ್ಟು ವಸ್ತುಗಳ ಹಿಂದೆ ಬಿದ್ದರು. ಅವರಿಗೆ ಹೆಸರು ತಂದದ್ದು ಒಂದು ಸರಣಿ. ಅದೇ ಕೋಣೆ, ಅದೇ ಕಿಟಕಿಯ ಬೆಳಕು, ಅದೇ ಬೆತ್ತದ ಕುರ್ಚಿ. ಕುರ್ಚಿಯ ಮೇಲೆ ವರ್ಷಕ್ಕೊಂದು ಬಟ್ಟೆ. ಮೊದಲು ಗೇಣುದ್ದದ ಫ್ರಾಕು, ಆಮೇಲೆ ಲಂಗ, ಶಾಲೆಯ ಯೂನಿಫಾರ್ಮು, ಚೂಡಿದಾರ. ಮಗಳು ಬದುಕಿದ್ದರೆ ಆ ವರ್ಷ ಯಾವ ಅಳತೆ ಆಗುತ್ತಿತ್ತೋ ಆ ಅಳತೆಯದ್ದು.

ತನ್ವಿ ಫೋಟೋಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ತೋಳು ಮೊಣಕೈಯಲ್ಲಿ ಸವೆದಿತ್ತು, ಲಂಗದ ಅಂಚಿಗೆ ಕೆಮ್ಮಣ್ಣು ಹತ್ತಿತ್ತು, ಕಂಕುಳಲ್ಲಿ ಬೆವರಿನ ಕಲೆ. ಸಿಕ್ಕಿಬಿದ್ದರಲ್ಲ ಎಂದು ಅವಳಿಗೆ ಖುಷಿಯೋ ಖುಷಿ. ಬೇರೆ ಮಕ್ಕಳ ಹಳೆಯ ಬಟ್ಟೆ ತಂದು ಮಗಳದ್ದೆಂದು ತೋರಿಸುವುದು ಮೋಸ ಎಂದು ಬರೆದಳು. ಬರೆದದ್ದಲ್ಲದೆ, ಕಾಪುವಿಗೇ ಹೋಗಿ ಅವರ ಜಗಲಿಯಲ್ಲಿ ಕೂತು ಓದಿಯೂ ಬಿಟ್ಟಳು!

ತಾರಾನಾಥರಿಗೆ ಸಿಟ್ಟು ಬರಲಿಲ್ಲ. "ಹಳೆಯದ್ದು ಯಾರು ತಂದದ್ದು ಮಾರಾಯ್ತಿ? ಎಲ್ಲ ಉಡುಪಿಯ ಅಂಗಡಿಯಿಂದ ಹೊಸದೇ ತೆಗೆದದ್ದು. ಕುರ್ಚಿಯ ಮೇಲೆ ಇಡ್ತೇನೆ, ಬಾಗಿಲು ಹಾಕ್ತೇನೆ. ವರ್ಷ ಕಳೆದು ಫೋಟೋ ತೆಗೆಯಲು ಹೋಗುವಾಗ ಹಾಗಾಗಿರ್ತದೆ."

"ಇಲಿ ಇರಬಹುದು ಸರ್."

"ಇಲಿ ಮೊಣಕೈ ಮಾತ್ರ ಹುಡುಕಿ ಸವೆಸ್ತದಾ?"

ತನ್ವಿ ಲೇಖನದ ಹಾಳೆ ಮಡಚಿದಳು. ಒಳಗಿನ ಮುಚ್ಚಿದ ಬಾಗಿಲನ್ನು ನೋಡಲು ಧೈರ್ಯ ಬರದೆ ಅಂಗಳ ನೋಡುತ್ತ ಕೂತಳು.

"ನನಗೆ ಹೃದಯದ ತೊಂದರೆ ಉಂಟು," ಎಂದರು ಅವರು. "ಹೆಂಡತಿ ಮೊದಲೇ ಹೋದಳು. ನಾನೂ ಹೋದ ಮೇಲೆ ಚೈತಾಲಿ ಒಬ್ಬಳೇ ಆಗ್ತಾಳೆ, ಅದೊಂದೇ ಚಿಂತೆ. ಈ ವರ್ಷ ಸೀರೆ ತೆಗೆದಿದ್ದೇನೆ. ಒಂದು ಸಂಬಂಧ ಕೂಡಿಬಂದರೆ ಸಾಕು."

ಚಿಕ್ಕಂದಿನಲ್ಲೇ ಹೋದ ಮಕ್ಕಳಿಗೂ ಪ್ರಾಯ ಬಂದಾಗ ಹೆಣ್ಣು ಗಂಡು ನೋಡಿ ಮದುವೆ ಮಾಡುವುದು ತುಳುವರಲ್ಲಿ ಉಂಟು. ತನ್ವಿಗೂ ಅದು ಗೊತ್ತು. "ನನಗೆ ಒಬ್ಬ ಅಣ್ಣ ಇದ್ದ," ಎಂದುಬಿಟ್ಟಳು. "ಪ್ರತೀಕ್. ನಾನು ಹುಟ್ಟುವ ಮೊದಲೇ, ಒಂದು ವರ್ಷದವನಿದ್ದಾಗ ಹೋದ." ಮುದುಕರ ಮೇಲೆ ಕನಿಕರ ನಿಜ. ಆದರೆ ಎರಡು ಕುರ್ಚಿ, ಒಂದು ಸೀರೆ, ಒಂದು ಅಂಗಿ, ಎಂಥ ಫೋಟೋ ಆಗಬಹುದು ಎಂಬ ಆಸೆಯೂ ಅಷ್ಟೇ ನಿಜ.

ಬಜಗೋಳಿಯ ಮನೆಯಲ್ಲಿ ಅಮ್ಮ ನಳಿನಾಕ್ಷಿ ಆ ಹೆಸರನ್ನು ಬಾಯಿಗೇ ತರುತ್ತಿರಲಿಲ್ಲ. ಅವನ ಬಟ್ಟೆಬರೆಯನ್ನೆಲ್ಲ ಆಗಲೇ ಸುಟ್ಟಿದ್ದರು. ವಿಷಯ ಕೇಳಿ, ಕಾವಲಿಯ ದೋಸೆ ಕರಟಿದ್ದೂ ಅವರಿಗೆ ಗೊತ್ತಾಗಲಿಲ್ಲ. ಆಮೇಲೆ, "ಹುಡುಗಿಗೆ ಎಷ್ಟು ಪ್ರಾಯ?" ಎಂದರು.

"ಇಪ್ಪತ್ತೈದು ಆಗ್ತಿತ್ತು."

"ನಮ್ಮವನಿಗಿಂತ ಒಂದು ವರ್ಷ ದೊಡ್ಡವಳಲ್ವಾ?" ಎಂದು ಮುಖ ಸಿಂಡರಿಸಿದರು. ಮರುದಿನ ತಾವೇ ಹೋಗಿ ಗಂಡನ ಅಳತೆಯ ಬಿಳಿ ಅಂಗಿ ತಂದರು. ಮಗ ಅಪ್ಪನ ಹಾಗೆಯೇ ಬೆಳೆದಿರುತ್ತಾನೆ ಎಂದು ಅವರ ಲೆಕ್ಕ.

ಭಾನುವಾರ ತಾಯಿ ಮಗಳು ಕಾಪುವಿಗೆ ಬಂದರು. ಒಂದು ಕುರ್ಚಿಯ ಮೇಲೆ ಹಸಿರು ಸೀರೆ, ಶಂಕರಪುರ ಮಲ್ಲಿಗೆ. ಇನ್ನೊಂದರ ಮೇಲೆ ಬಿಳಿ ಅಂಗಿ. ತನ್ವಿ ಫೋಟೋ ತೆಗೆದಳು. ಹುಡುಗ ಹುಡುಗಿ ನೋಡಿಕೊಳ್ಳಲಿ ಎಂದು ಬಾಗಿಲು ಹಾಕಿ ಮೂವರೂ ಜಗಲಿಯಲ್ಲಿ ಊಟಕ್ಕೆ ಕೂತರು. ಸಾರು ಬಡಿಸುವಾಗ ಒಳಗೆ ಏನೋ ನೆಲಕ್ಕೆ ಬಿದ್ದ ಸದ್ದಾಯಿತು. ಆಮೇಲೆ ಯಾರೋ ಬರಿಗಾಲಲ್ಲಿ ಓಡಿದರು.

"ಮಾತಾಡಿಕೊಳ್ತಿದ್ದಾರೆ," ಎಂದು ತಾರಾನಾಥರು ನಕ್ಕರು. ತನ್ವಿ ಕಲಸಿದ ತುತ್ತನ್ನು ಎಲೆಗೇ ಬಿಟ್ಟಳು.

ಕೈ ತೊಳೆದು ಬಾಗಿಲು ತೆಗೆದರೆ ಕುರ್ಚಿಗಳೆರಡೂ ಖಾಲಿ. ಸೀರೆ ಮೂಲೆಯಲ್ಲಿ, ನಾಲ್ಕು ಮಡಿಕೆಯಾಗಿ ನೆಲಕ್ಕೆ ಹಾಸಿತ್ತು. ಅದರ ಮೇಲೆ ಅಂಗಿ ಮುದುಡಿ ಬಿದ್ದಿತ್ತು. ಅಂಗಿಯ ತೋಳಿನ ತುದಿ ಒದ್ದೆ, ನೂಲಿನಂಥ ಜೊಲ್ಲು ಇನ್ನೂ ಆರಿರಲಿಲ್ಲ. ಗುಂಡಿಯ ಮೇಲೆ ಪುಟ್ಟ ಹಲ್ಲಿನ ಗುರುತು. ತನ್ವಿ ಗೋಡೆಗೆ ಒರಗಿ ಕೂತುಬಿಟ್ಟಳು. ಕೊರಳಲ್ಲಿ ಕ್ಯಾಮೆರಾ ಇತ್ತು, ಎತ್ತಲು ಕೈ ಬರಲಿಲ್ಲ.

ನಳಿನಾಕ್ಷಿ ಮಾತ್ರ ಹೆದರಲಿಲ್ಲ. ಅಂಗಿ ಎತ್ತಿ ಮೂಗಿಗೆ ಹಿಡಿದರು. "ನೀವು ವರ್ಷ ವರ್ಷ ತೆಗೆದು ಕೊಟ್ಟಿರಿ, ನಿಮ್ಮ ಮಗಳು ಬೆಳೆದಳು," ಎಂದರು. "ನಾನು ಒಂದು ಚಡ್ಡಿ ಕೂಡ ತೆಗೆಯಲಿಲ್ಲ. ಅಯ್ಯೋ, ನನ್ನ ಮಗು ಹಾಗೆಯೇ ಉಳಿದ." ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತರು.

ತಾರಾನಾಥರು ಹಾಸಿದ ಸೀರೆಯನ್ನು ಮುಟ್ಟಿ ನೋಡಿದರು. ನಡುವೆ ಬೆಚ್ಚಗಿತ್ತು. "ಮದುವೆ ಆಗ್ಲಿಕ್ಕಿಲ್ಲ," ಎಂದರು ಮೆಲ್ಲಗೆ. "ಆದರೆ ಮಲಗಿಸಿದ್ದು ಅವಳೇ. ಅವನು ಇಲ್ಲೇ ಇರಲಿ. ಇನ್ನು ಅವಳು ಒಬ್ಬಳೇ ಅಲ್ಲ."

ನಳಿನಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ತನ್ವಿ, ಏಳು. ಉಡುಪಿಗೆ ಹೋಗುವ. ಎರಡು ವರ್ಷದ ಮಗುವಿನ ಅಂಗಿ ಬೇಕು." ಮೆಟ್ಟಿಲು ಇಳಿಯುವಾಗ ಒಮ್ಮೆ ನಿಂತರು. "ಸ್ವಲ್ಪ ದೊಡ್ಡದೇ ಇರಲಿ. ಬೆಳೆಯುವ ಮಗು."