ಹೆಂಡತಿ ತೊಳೆದ ಬಂಡೆ

ಆ ಬುಧವಾರವೂ ಅವರು ಏಡಿಯ ಹಾಗೆ ಓರೆಯಾಗಿಯೇ ನಡೆದು ಕಡಲಿನ ಬಂಡೆಗಳ ಬಳಿ ಹೋದರು. ಇಪ್ಪತ್ತೊಂದು ವರ್ಷ ಪಾಚಿಗಲ್ಲಿನ ಮೇಲೆ ಓಡಾಡಿ ನಡಿಗೆಯೇ ಹಾಗಾಗಿತ್ತು. ಮನೆಯೊಳಗೂ ಅದೇ ಓರೆ. ಫೋಟೋ ತೆಗೆದರು, ಬಂದರು, ಉಂಡರು, ಕುರ್ಚಿಯಲ್ಲಿ ಕೂತರು. ಸಂಜೆ ಹೆಂಡತಿ ಚಹಾಕ್ಕೆ ಕರೆದಾಗ ಏಳಲಿಲ್ಲ.

ಎಣ್ಣೆಯ ಹಡಗು ಒಡೆದು ದಂಡೆಗೆಲ್ಲ ಡಾಂಬರು ಬಳಿದಂತಾದ ವರ್ಷ, ಸತ್ತ ಜೀವ ತಾನಾಗಿಯೇ ಎಷ್ಟು ಕಾಲಕ್ಕೆ ಮರಳುತ್ತದೆಂದು ನೋಡಲು ಕಚೇರಿಯೊಂದು ಅವರನ್ನು ನೇಮಿಸಿತ್ತು. ತಿಂಗಳಿಗೊಮ್ಮೆ, ನೀರು ಇಳಿದ ಹೊತ್ತಿಗೆ, ಅದೇ ಬಂಡೆಗಳು, ನಿಲ್ಲುವ ಜಾಗವೂ ಅದೇ. ಮೀನುಗಾರರು ರೇಗಿಸುತ್ತಿದ್ದರು.

"ಏನ್ ಸಾರ್, ಬಂಡೆಗೆ ಹೆಣ್ಣು ಹುಡುಕ್ತಿದ್ದೀರಾ? ಫೋಟೋ ಮೇಲೆ ಫೋಟೋ!"

"ಹುಡುಗ ಸ್ವಲ್ಪ ಕಪ್ಪು ನೋಡಪ್ಪಾ, ಅದಕ್ಕೇ ತಡ."

ಎರಡನೆಯ ವರ್ಷ ಅವರು ಜ್ವರದಿಂದ ಮಲಗಿದ್ದಾಗ, ಗಂಡನಿಗೆ ಒಂದು ಬಂಡೆಯ ಕೆಲಸವಾದರೂ ಮುಗಿಯಲೆಂದು ಅವಳು ಕುದಿಯುವ ನೀರು, ಸೋಪು, ಬ್ರಷ್ಷು ಹೊತ್ತು ಹೋಗಿ, ಪಾತ್ರೆ ಬೆಳಗಿದಂತೆ ಒಂದನ್ನು ಬೆಳಗಿ ಬಂದಳು. ಅವರು ಕಂಡವರೇ ತಲೆಯ ಮೇಲೆ ಕೈ ಹೊತ್ತು ಕೂತರು.

"ತೊಳೆದೇಬಿಟ್ಯಾ, ಮಹಾತಾಯಿ?"

ಅಷ್ಟೇ. ಅವರ ಲೆಕ್ಕದ ಪುಸ್ತಕದಲ್ಲಿ ಆ ಬಂಡೆಗೆ ಹೆಸರು ಬಿತ್ತು: ಹೆಂಡತಿ ತೊಳೆದದ್ದು. ಮಿಕ್ಕ ಕಪ್ಪು ಬಂಡೆಗಳಿಗೆ ನಾಲ್ಕು ವರ್ಷದಲ್ಲಿ ಚಿಪ್ಪುಗಳು ಅಂಟಿಕೊಂಡವು. ಬಿಸಿನೀರಿಗೆ ಅಳಿದುಳಿದ ಜೀವವೂ ಬೆಂದುಹೋಗಿ, ಇದು ಮಾತ್ರ ಏಳು ವರ್ಷ ಬೋಳಾಗಿಯೇ ಇತ್ತು. ಅವರು ಒಮ್ಮೆಯೂ ಎತ್ತಿ ಆಡಲಿಲ್ಲ. ಎಂಟನೆಯ ವರ್ಷ ಚಪ್ಪಲಿ ಮರೆತು ಓಡಿಬಂದರು.

"ಲೇ, ನಿನ್ನ ಬಂಡೆ ಬಸುರಿ ಕಣೇ!"

ಮಕ್ಕಳಿಲ್ಲದ ಮನೆ. ಅಂದು ಇಬ್ಬರೂ ತುಂಬ ಹೊತ್ತು ನಕ್ಕರು.

ಅವರು ತೀರಿಹೋದ ವಾರವೇ ಕಚೇರಿಯ ಅಧಿಕಾರಿ ಬಂದರು. "ಇನ್ನು ನಿಲ್ಲಿಸಿಬಿಡ್ತೀವಮ್ಮ. ಫೋಟೋ ತೆಗೆಯೋರಿಲ್ಲ."

"ಒಂದು ತಿಂಗಳು ತಪ್ಪಿದ್ರೆ ಇಷ್ಟು ವರ್ಷದ್ದೂ ತುಂಡಾಗುತ್ತೆ ಅಂತಿದ್ರು. ನಾನಿಲ್ವಾ?"

"ಅವರ ಕಣ್ಣಿನ ಮಟ್ಟಕ್ಕೇ ಸಿಗಬೇಕು. ನಿಮಗೆ ಎತ್ತರ ಸಾಲದಲ್ಲ."

ಅವಳು ಅಡುಗೆಮನೆಯ ಮಣೆ ಎರಡನ್ನು ಕಂಕುಳಲ್ಲಿ ಇರುಕಿಕೊಂಡು ಬಂಡೆಗಳ ಬಳಿ ಹೋದಳು. ಒಂದರ ಮೇಲೊಂದಿಟ್ಟು ಹತ್ತಿದಳು. ಎರಡು ಸಲ ಬಿದ್ದಳು, ಮೂರನೆಯ ಸಲ ಫೋಟೋ ತೆಗೆದಳು. ಅಧಿಕಾರಿ ಹಳೆಯ ಫೋಟೋದ ಪಕ್ಕ ಹೊಸದನ್ನಿಟ್ಟು ಬಹಳ ಹೊತ್ತು ನೋಡಿದರು. "ಕೂಡುತ್ತಮ್ಮ," ಎಂದರು.

ಕೆಟ್ಟುಹೋದದ್ದರ ಮುಂದೆ ಕೈ ಹಾಕದೆ, ಕಣ್ಣೂ ಕೀಳದೆ ನಿಲ್ಲಬಲ್ಲವರು ಲೋಕದಲ್ಲಿ ಕಡಿಮೆ. ಅಂಥವರ ಕಣ್ಣಳತೆಯಲ್ಲಿ ಬಾಳಿದವರನ್ನು, ಆ ಕಣ್ಣು ಮುಚ್ಚಿದ ಮೇಲೆ ಯಾರೂ ಅಷ್ಟು ಹೊತ್ತು ನೋಡುವುದಿಲ್ಲ.

ದಿನಾ ಬೆಳಗ್ಗೆ ಅವಳು ಗಂಡನ ಕ್ಯಾಮೆರಾವನ್ನು ಕಿಟಕಿಯ ಎಳೆಬಿಸಿಲಿಗಿಟ್ಟು, ಬೂಷ್ಟು ಹಿಡಿದಿಲ್ಲವೆಂದು ನೋಡಿ, ಚೀಲಕ್ಕೆ ಹಾಕುತ್ತಾಳೆ.